ಕಡಲೊಳಗಣ ಛಾಯಾಗ್ರಾಹಕನೂ ಅವನ ಉಸಿರಿನ ಯಂತ್ರವೂ

ನೀರಿನೊಳಗೆ ಛಾಯಾಚಿತ್ರ ತೆಗೆಯಹೊರಟ ತರುಣನು ಮೊದಲು ವಿಚಾರಿಸುವುದು ಕ್ಯಾಮರಾದ ವಿಷಯವನ್ನು. ಯಾವ ಮಸೂರ ಒಳ್ಳೆಯದು, ಯಾವ ದೀಪ ಪ್ರಖರವಾದುದು, ನೀರು ನುಗ್ಗದ ಪೆಟ್ಟಿಗೆ ಎಷ್ಟು ಆಳದ ಒತ್ತಡವನ್ನು ತಡೆದೀತು ಎಂದು ತಿಂಗಳುಗಟ್ಟಲೆ ಪರಾಮರ್ಶಿಸುತ್ತಾನೆ. ಬಾಯಲ್ಲಿ ಕಚ್ಚಿಕೊಂಡು ಉಸಿರಾಡಬೇಕಾದ ರೆಗ್ಯುಲೇಟರಿನ ಸರದಿ ಬಂದಾಗ ಮಾತ್ರ ಅಂಗಡಿಯವನು ಮುಂದಿಟ್ಟುದನ್ನು ಕೈಗೆತ್ತಿಕೊಳ್ಳುತ್ತಾನೆ. ಅದಲ್ಲವಾದರೆ, ಅನುಭವಸ್ಥರೆನಿಸಿದ ಕೆಲವರು ಹೇಳುವ ಒಂದೇ ಮಾತನ್ನು ನಂಬಿ, ಗುಳ್ಳೆಗಳು ಮುಖದ ಮುಂದೆ ಸುಳಿಯದಂಥ ರೆಗ್ಯುಲೇಟರನ್ನು ಹುಡುಕತೊಡಗುತ್ತಾನೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಅದಕ್ಕೆ ಮೊದಲ ಸ್ಥಾನವನ್ನು ಕೊಡುವುದು ಸರಿಯಲ್ಲವೆಂದೂ, ಸುಲಭವಾಗಿ ಉಸಿರಾಡಿಸುವ ಯಂತ್ರವೇ ಛಾಯಾಗ್ರಾಹಕನಿಗೆ ಒಳ್ಳೆಯ ಯಂತ್ರವೆಂದೂ, ಅಂಥದು ಕೈಸೇರಿದರೆ ಗುಳ್ಳೆಯ ತೊಡಕಿನಲ್ಲಿ ಬಹುಭಾಗ ತಾನಾಗಿಯೇ ಕಳೆಯುವುದೆಂದೂ ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ರೆಗ್ಯುಲೇಟರ್ ಎಂಬ ಹೆಸರು ನಮ್ಮ ಮನೆಗಳಿಗೆ ಹೊಸದಲ್ಲ. ಅಡುಗೆಮನೆಯ ಅನಿಲದ ಸಿಲಿಂಡರಿನ ತಲೆಯ ಮೇಲೆ ಕುಳಿತು, ಒಳಗಿನ ಹೆಚ್ಚಿನ ಒತ್ತಡವನ್ನು ಒಲೆಗೆ ಬೇಕಾದಷ್ಟಕ್ಕೆ ಇಳಿಸುವುದು ಅದರದೇ ಕೆಲಸ. ಮುಳುಗುಗಾರನ ರೆಗ್ಯುಲೇಟರೂ ಅದೇ ವಂಶದ್ದು. ಆದರೆ ಅದರ ಹೊಣೆ ಹೆಚ್ಚಿನದು. ಬೆನ್ನಿನ ಸಿಲಿಂಡರಿನಲ್ಲಿ ಗಾಳಿಯನ್ನು ಸಾಮಾನ್ಯವಾಗಿ 200 ಬಾರ್, ಎಂದರೆ ವಾತಾವರಣದ ಒತ್ತಡಕ್ಕಿಂತ ಸುಮಾರು ಇನ್ನೂರು ಪಟ್ಟು ಒತ್ತಡದಲ್ಲಿ ತುಂಬಿರುತ್ತಾರೆ. ಇತ್ತ ಮುಳುಗುಗಾರನ ಎದೆಗೆ ಬೇಕಾದ ಗಾಳಿಯ ಒತ್ತಡವು ಒಂದೇ ಸಮನಾಗಿರುವುದಿಲ್ಲ. ಪ್ರತಿ 10 ಮೀಟರ್ ಆಳಕ್ಕೂ ನೀರಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ಅವನು ಒಳಗೆಳೆಯುವ ಗಾಳಿ ಆಯಾ ಆಳದ ನೀರಿನಷ್ಟೇ ಒತ್ತಡದಲ್ಲಿರಬೇಕು. ಕಡಿಮೆಯಾದರೆ ಎದೆಯ ಮಾಂಸಖಂಡಗಳು ನೀರಿನ ಭಾರವನ್ನೆತ್ತಿ ಉಸಿರನ್ನೆಳೆಯಲಾರವು. ಹೆಚ್ಚಾದರೆ ಗಾಳಿ ಬೇಡದಿದ್ದರೂ ಬಾಯೊಳಗೆ ನುಗ್ಗುತ್ತದೆ.

ಈ ಇಳಿಕೆಯನ್ನು ಇಂದಿನ ರೆಗ್ಯುಲೇಟರು ಎರಡು ಹಂತಗಳಲ್ಲಿ ಸಾಧಿಸುತ್ತದೆ. ಸಿಲಿಂಡರಿನ ಬಾಯಿಗೆ ಬಿಗಿದಿರುವ ಮೊದಲನೆಯ ಹಂತವು ಒತ್ತಡವನ್ನು ಸುತ್ತಣ ನೀರಿನದಕ್ಕಿಂತ 9–10 ಬಾರ್ ಹೆಚ್ಚಿರುವಷ್ಟಕ್ಕೆ ತಗ್ಗಿಸುತ್ತದೆ. ಅಲ್ಲಿಂದ ರಬ್ಬರ್ ಕೊಳವೆಯೊಂದು ಹೆಗಲ ಮೇಲೆ ಹಾದು ಬಾಯಿಯ ಬಳಿಯ ಎರಡನೆಯ ಹಂತವನ್ನು ಸೇರುತ್ತದೆ. ಆ ಪುಟ್ಟ ಡಬ್ಬಿಯೊಳಗೆ ತೆಳುವಾದ ರಬ್ಬರಿನ ಪೊರೆಯಿದೆ. ಅದರ ಒಂದು ಮಗ್ಗುಲಲ್ಲಿ ಕಡಲು, ಮತ್ತೊಂದು ಮಗ್ಗುಲಲ್ಲಿ ಉಸಿರು. ಮುಳುಗುಗಾರನು ಹೀರಿದೊಡನೆ ಪೊರೆ ಒಳಕ್ಕೆ ಬಾಗಿ ಸನ್ನೆಗೋಲೊಂದನ್ನು ಒತ್ತುತ್ತದೆ, ಕವಾಟ ತೆರೆಯುತ್ತದೆ, ಗಾಳಿ ಬರುತ್ತದೆ. ಹೀರುವುದನ್ನು ನಿಲ್ಲಿಸಿದಾಗ ಕವಾಟ ಮುಚ್ಚಿಕೊಳ್ಳುತ್ತದೆ. ಹೊರಬಿಟ್ಟ ಉಸಿರು ಡಬ್ಬಿಯ ಅಡಿಯ ಇನ್ನೊಂದು ಕವಾಟದಿಂದ ಹೊರಬಿದ್ದು ಗಲ್ಲದ ಇಕ್ಕೆಲಗಳಲ್ಲಿ ಗುಳ್ಳೆಗಳಾಗಿ ಮೇಲೇರುತ್ತದೆ. ಛಾಯಾಗ್ರಾಹಕರು ದೂರುವುದು ಈ ಗುಳ್ಳೆಗಳನ್ನೇ.

ಅವರ ದೂರು ನ್ಯಾಯವಾದುದೇ. ನೀರು ಬೆಳಕಿನ ಕಳ್ಳ. ಮೊದಲ ಕೆಲವು ಮೀಟರುಗಳಲ್ಲಿಯೇ ಕೆಂಪು ಬಣ್ಣವನ್ನು ಹೀರಿಬಿಡುತ್ತದೆ. ತೇಲುವ ಕಣಗಳಿಂದ ದೂರದ ನೋಟವನ್ನು ಮಂಕಾಗಿಸುತ್ತದೆ. ಎಷ್ಟು ಪ್ರಖರವಾದ ದೀಪವಿದ್ದರೂ ಚಿತ್ರ ಚೆನ್ನಾಗಿ ಮೂಡಬೇಕಾದರೆ ಮೀನಿಗೂ ಮಸೂರಕ್ಕೂ ನಡುವೆ ಒಂದು ಮೀಟರಿಗಿಂತ ಹೆಚ್ಚು ನೀರಿರಬಾರದೆಂಬುದು ಈ ವಿದ್ಯೆಯ ಮೊದಲ ಪಾಠ. ಅಷ್ಟು ಸಮೀಪದಲ್ಲಿ ಬುಳುಬುಳು ಶಬ್ದದೊಡನೆ ಬೆಳ್ಳಿಯ ಗುಂಡುಗಳ ಹಿಂಡೊಂದು ಭುಗಿಲೆದ್ದರೆ ಅಂಜುಬುರುಕ ಮೀನು ನಿಂತೀತೆ? ಇದಲ್ಲದೆ ಅಗಲನೋಟದ ಮಸೂರದಿಂದ ಮೇಲ್ಮುಖವಾಗಿ ಚಿತ್ರ ತೆಗೆಯುವಾಗ ಗುಳ್ಳೆಗಳು ಚೌಕಟ್ಟಿನೊಳಗೇ ಬಂದು ಬೀಳುತ್ತವೆ. ಕಿವಿಯ ಬಳಿಯೇ ಏಳುವ ಸದ್ದು ಮುಳುಗುಗಾರನ ಏಕಾಗ್ರತೆಯನ್ನೂ ಕೆಡಿಸುತ್ತದೆ.

ಇಲ್ಲಿ ಹಳೆಯ ಜೋಡಿಕೊಳವೆಯ ರೆಗ್ಯುಲೇಟರಿನ ಅಭಿಮಾನಿಗಳು ಮಾತು ತೆಗೆಯುತ್ತಾರೆ. ಅದರಲ್ಲಿ ಎರಡೂ ಹಂತಗಳು ಬೆನ್ನ ಹಿಂದೆ ಸಿಲಿಂಡರಿನ ಮೇಲೆಯೇ ಇರುತ್ತವೆ. ಸುಕ್ಕುಸುಕ್ಕಾದ ಎರಡು ದಪ್ಪ ಕೊಳವೆಗಳಲ್ಲಿ ಒಂದು ಗಾಳಿಯನ್ನು ಬಾಯಿಗೆ ತರುತ್ತದೆ, ಇನ್ನೊಂದು ಬಿಟ್ಟ ಉಸಿರನ್ನು ಕತ್ತಿನ ಹಿಂದಕ್ಕೆ ಒಯ್ಯುತ್ತದೆ. ಗುಳ್ಳೆಗಳು ತಲೆಯ ಹಿಂದೆ ಏಳುತ್ತವೆ. ಮುಖದ ಮುಂದೆ ನಿರ್ಮಲವಾದ ನೀರು. ಇಂದಿಗೂ ಕೆಲವರು ಹಳೆಯವನ್ನು ದುರಸ್ತಿ ಮಾಡಿಸಿಕೊಂಡು ಬಳಸುತ್ತಾರೆ. ಚಿತ್ರ ತೆಗೆಯುವವನಿಗೆ ಅದಕ್ಕೆ ಸಮನಾದುದಿಲ್ಲವೆಂದು ಸಾರುತ್ತಾರೆ.

ಆದರೆ ಆ ಕೊಳವೆ ಬೆನ್ನಿಗೆ ಹೋದದ್ದು ಛಾಯಾಗ್ರಾಹಕನ ಮೇಲಿನ ಪ್ರೀತಿಯಿಂದಲ್ಲ. ಅದರ ಕಥೆ ಸ್ವಾರಸ್ಯವಾದುದು. 1942ರ ಕೊನೆಯಲ್ಲಿ ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಝಾಕ್ ಕುಸ್ತೊ ಅವರು ಪ್ಯಾರಿಸ್ಸಿನಲ್ಲಿ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರನ್ನು ಕಂಡರು. ಯುದ್ಧಕಾಲದ ಪೆಟ್ರೋಲ್ ಅಭಾವದಿಂದಾಗಿ ಮೋಟಾರುಗಾಡಿಗಳನ್ನು ಅನಿಲದಿಂದ ಓಡಿಸುವ ಸಲುವಾಗಿ ಗಾನ್ಯಾನ್ ಒಂದು ಕವಾಟವನ್ನು ಸಿದ್ಧಪಡಿಸಿದ್ದರು. ಅದನ್ನೇ ಮಾರ್ಪಡಿಸಿ 1943ರ ಆರಂಭದಲ್ಲಿ ಪ್ಯಾರಿಸ್ಸಿನ ಬಳಿಯ ಮಾರ್ನ್ ನದಿಯಲ್ಲಿ ಪರೀಕ್ಷಿಸಿದರು. ಅಡ್ಡಲಾಗಿ ಈಜುವಾಗ ಯಂತ್ರ ಸೊಗಸಾಗಿ ನಡೆಯಿತು. ಕುಸ್ತೊ ನೆಟ್ಟಗೆ ನಿಂತೊಡನೆ ಗಾಳಿ ಸುಮ್ಮನೆ ಹರಿದುಹೋಗತೊಡಗಿತು. ತಲೆಕೆಳಗಾದೊಡನೆ ಉಸಿರೆಳೆಯುವುದೇ ಕಷ್ಟವಾಯಿತು. ಇಬ್ಬರೂ ಯೋಚಿಸಿ ಕಾರಣವನ್ನು ಕಂಡುಕೊಂಡರು. ಗಾಳಿ ಒಳಬರುವ ಎಡೆಗೂ ಬಿಟ್ಟ ಉಸಿರು ಹೊರಬೀಳುವ ಎಡೆಗೂ ಕೆಲವು ಅಂಗುಲಗಳ ಎತ್ತರದ ಅಂತರವಿತ್ತು. ಅಷ್ಟು ನೀರಿನ ಒತ್ತಡದ ವ್ಯತ್ಯಾಸವೇ ಕವಾಟವನ್ನು ಕೆಡಿಸುತ್ತಿತ್ತು. ನಿಶ್ವಾಸದ ಕೊಳವೆಯನ್ನು ಹಿಂದಕ್ಕೆ ತಂದು ಪೊರೆಯ ಪಕ್ಕದಲ್ಲಿಯೇ ಕೊನೆಗಾಣಿಸಿದೊಡನೆ ದೋಷ ಪರಿಹಾರವಾಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಕುಸ್ತೊ ಅದರೊಡನೆ ಸ್ವಚ್ಛಂದವಾಗಿ ಈಜಾಡಿದರು. ಎಂದರೆ ಗುಳ್ಳೆಗಳು ಬೆನ್ನಿಗೆ ಹೋದದ್ದು ಒತ್ತಡದ ಸಮತೋಲಕ್ಕಾಗಿ. ಛಾಯಾಗ್ರಾಹಕನಿಗೆ ದೊರೆತದ್ದು ಅದರ ಉಪಫಲ ಮಾತ್ರ.

ಅಂದು ಪತ್ತೆಯಾದ ತತ್ತ್ವವನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ ಜೋಡಿಕೊಳವೆಯ ದೌರ್ಬಲ್ಯ ಕಣ್ಣಿಗೆ ಬೀಳುತ್ತದೆ. ಪೊರೆಯು ಬೆನ್ನಿನ ಮೇಲಿದೆ, ಶ್ವಾಸಕೋಶ ಎದೆಯಲ್ಲಿದೆ. ಮುಳುಗುಗಾರ ಬೋರಲಾಗಿ ಈಜುವಾಗ ಪೊರೆಯು ಶ್ವಾಸಕೋಶಕ್ಕಿಂತ ಸುಮಾರು ಒಂದು ಗೇಣು ಮೇಲಿರುತ್ತದೆ. ಮೇಲಿರುವ ನೀರಿನ ಒತ್ತಡ ಕಡಿಮೆ. ಬರುವ ಗಾಳಿಯ ಒತ್ತಡವೂ ಅಷ್ಟೇ ಕಡಿಮೆ. ಉಳಿದ ವ್ಯತ್ಯಾಸವನ್ನು ಎದೆಯ ಸ್ನಾಯುಗಳು ತುಂಬಿಕೊಡಬೇಕು. ಎಳನೀರಿಗೆ ಒಂದು ಗೇಣುದ್ದದ ಕೊಳವೆಯಿಟ್ಟು ಹೀರಿ ನೋಡಿದವರಿಗೆ ಆ ಶ್ರಮದ ಅಳತೆ ತಿಳಿಯುತ್ತದೆ. ಮುಳುಗುಗಾರನು ಪ್ರತಿ ಉಸಿರಿಗೂ ಹಾಗೆ ಹೀರಬೇಕು. ಅವನು ಅಂಗಾತ ತಿರುಗಿದನೆಂದರೆ ಪೊರೆ ಕೆಳಗಾಗಿ ಗಾಳಿ ತಾನಾಗಿಯೇ ಬಾಯೊಳಗೆ ನುಗ್ಗುತ್ತದೆ. ಛಾಯಾಗ್ರಾಹಕನಾದರೋ ನೆಟ್ಟಗೆ ಈಜಿ ಹೋಗುವ ಪ್ರಾಣಿಯಲ್ಲ. ಬಂಡೆಯ ಸಂದಿಯನ್ನು ಇಣುಕಲು ತಲೆಕೆಳಗಾಗುತ್ತಾನೆ, ಸೂರ್ಯನ ಬೆಳಕಿಗೆದುರಾಗಿ ಮೀನಿನ ಹಿಂಡನ್ನು ಹಿಡಿಯಲು ಅಂಗಾತನಾಗುತ್ತಾನೆ. ಎಲ್ಲ ಭಂಗಿಗಳಲ್ಲಿಯೂ ಸಮನಾಗಿ ಉಸಿರು ಬರಬೇಕಾದುದು ಅವನಿಗೇ ಎಲ್ಲರಿಗಿಂತ ಹೆಚ್ಚಾಗಿ ಅಗತ್ಯ. ಪೊರೆಯನ್ನು ಬಾಯಿಯ ಬಳಿಗೇ ತಂದ ಒಂಟಿಕೊಳವೆಯ ರೆಗ್ಯುಲೇಟರಿನಲ್ಲಿ ಈ ತೊಡಕು ಬಹುಮಟ್ಟಿಗೆ ತಗ್ಗುತ್ತದೆ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಟೆಡ್ ಎಲ್ಡ್ರೆಡ್ ಅವರು 1950ರ ದಶಕದ ಆರಂಭದಲ್ಲಿ 'ಪಾರ್ಪಸ್' ಎಂಬ ಹೆಸರಿನಿಂದ ಇಂಥದನ್ನು ಮಾರಾಟಕ್ಕೆ ತಂದರು. ಇಂದು ಲೋಕದಲ್ಲೆಲ್ಲ ನಡೆಯುತ್ತಿರುವುದು ಆ ಮಾದರಿಯೇ. ಅದು ಗೆದ್ದದ್ದು ಅಗ್ಗವೆಂಬ ಒಂದೇ ಕಾರಣಕ್ಕಲ್ಲ.

ಈಗ ಗುಳ್ಳೆಯ ಪ್ರಶ್ನೆಗೆ ಮರಳೋಣ. ಉಸಿರಾಟದ ಒಂದು ಆವರ್ತವನ್ನು ಗಮನಿಸಿರಿ. ಗುಳ್ಳೆಗಳು ಏಳುವುದು ಉಸಿರನ್ನು ಹೊರಬಿಡುವಾಗ ಮಾತ್ರ. ಒಳಗೆಳೆಯುವಾಗ ಒಂದು ಗುಳ್ಳೆಯೂ ಇರುವುದಿಲ್ಲ. ಶಾಂತನಾಗಿರುವ ಅಭ್ಯಾಸಿಯು ನಿಮಿಷಕ್ಕೆ ಆರೆಂಟು ಬಾರಿ ಮಾತ್ರ ಉಸಿರಾಡುತ್ತಾನೆಂದು ಇಟ್ಟುಕೊಂಡರೆ, ಪ್ರತಿಯೊಂದು ಉಚ್ಛ್ವಾಸಕ್ಕೂ ಮೂರು ನಾಲ್ಕು ಸೆಕೆಂಡುಗಳು ಸಿಗುತ್ತವೆ. ಕ್ಯಾಮರಾಕ್ಕೆ ಬೇಕಾದುದು ಸೆಕೆಂಡಿನ ನೂರನೆಯ ಒಂದು ಪಾಲು! ನಿಧಾನವಾಗಿ ಉಸಿರನ್ನೆಳೆಯುತ್ತಿರುವಾಗ ಗುಂಡಿಯೊತ್ತುವುದನ್ನು ರೂಢಿಸಿಕೊಂಡವನಿಗೆ ಗುಳ್ಳೆಗಳು ಎತ್ತ ಹೋದರೇನು? ಆದರೆ ಹಾಗೆ ದೀರ್ಘವಾಗಿ, ಸಾವಕಾಶವಾಗಿ ಉಸಿರೆಳೆಯಬೇಕಾದರೆ ಯಂತ್ರ ಅದಕ್ಕೆ ಒಪ್ಪಬೇಕು. ಜಗ್ಗಿ ಎಳೆದರೆ ಮಾತ್ರ ಗಾಳಿ ಕೊಡುವ ರೆಗ್ಯುಲೇಟರು ಮುಳುಗುಗಾರನನ್ನು ಬಲು ಬೇಗ ಏದುಸಿರಿಗೆ ತಳ್ಳುತ್ತದೆ. ಏದುಸಿರೆಂದರೆ ಎಡೆಬಿಡದ ಗುಳ್ಳೆ. ಅದು ಎಷ್ಟು ಜಾಣತನದಿಂದ ಗುಳ್ಳೆಗಳನ್ನು ಹಿಂದಕ್ಕೆ ಕಳುಹಿಸಿದರೂ ಅದರ ಸದ್ದನ್ನು ಮೀನು ಕೇಳದಿರುವುದಿಲ್ಲ.

ಇದು ಚಿತ್ರದ ಮಾತಾಯಿತು. ಪ್ರಾಣದ ಮಾತು ಇನ್ನೊಂದಿದೆ. ಗುಳ್ಳೆಯನ್ನು ಶತ್ರುವೆಂದು ಭಾವಿಸಿದ ಹೊಸಬನು ಅದನ್ನು ಅಡಗಿಸಲು ಹಿಡಿಯುವ ಮೊದಲ ಉಪಾಯ ಉಸಿರನ್ನು ಕಟ್ಟುವುದು. ಮೀನು ಸಮೀಪಿಸುತ್ತಿದೆ, ಕಣ್ಣು ಕ್ಯಾಮರಾದ ಕಿಟಕಿಯಲ್ಲಿ ನೆಟ್ಟಿದೆ, ಎದೆತುಂಬ ಗಾಳಿಯೆಳೆದು ಹಾಗೆಯೇ ನಿಲ್ಲಿಸುತ್ತಾನೆ. ಹೆಚ್ಚಾಗಿ ಎಳೆದ ಅರ್ಧ ಲೀಟರ್ ಗಾಳಿಯು ಅರ್ಧ ಕಿಲೋಗ್ರಾಂ ನೀರನ್ನು ಸ್ಥಳಾಂತರಿಸುತ್ತದೆಯಷ್ಟೆ. ಆರ್ಕಿಮಿಡೀಸನ ನಿಯಮದಂತೆ ಅಷ್ಟು ಬಲ ಅವನನ್ನು ಮೇಲಕ್ಕೆತ್ತುತ್ತದೆ. ಅವನಿಗೆ ಅರಿವಿಲ್ಲದಂತೆಯೇ ಮೇಲೇರತೊಡಗುತ್ತಾನೆ. ಏರಿದಂತೆ ಒತ್ತಡ ಕುಗ್ಗುತ್ತದೆ, ಬಾಯ್ಲನ ನಿಯಮದಂತೆ ಎದೆಯ ಗಾಳಿ ಹಿಗ್ಗುತ್ತದೆ. 10 ಮೀಟರಿನಿಂದ ಮೇಲ್ಮೈಗೆ ಬರುವಷ್ಟರಲ್ಲಿ ಅದು ಎರಡರಷ್ಟಾಗಬೇಕು, ಹೊರದಾರಿ ಮುಚ್ಚಿದೆ. ತುಂಬಿದ ಎದೆಯೊಡನೆ ಒಂದೆರಡು ಮೀಟರ್ ಏರಿದರೂ ಶ್ವಾಸಕೋಶದ ನವುರಾದ ಗೋಡೆ ಹರಿದು, ಗಾಳಿ ರಕ್ತವನ್ನು ಸೇರಿ ಮಿದುಳಿನವರೆಗೆ ಹೋಗಬಲ್ಲುದು. ಎಲ್ಲ ಮುಳುಗು ಶಿಕ್ಷಣದಲ್ಲಿಯೂ 'ಉಸಿರನ್ನು ಎಂದಿಗೂ ಕಟ್ಟಬೇಡ' ಎಂಬುದು ಮೊದಲನೆಯ ಕಟ್ಟಳೆಯಾಗಿರುವುದು ಈ ಕಾರಣದಿಂದ. ಉಸಿರನ್ನು ಜಿಪುಣತನದಿಂದ ಬಿಡುವವರೂ ಇದ್ದಾರೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಬೇಕೆಂದೇ ತಡೆದು ಗಾಳಿ ಉಳಿಸುತ್ತೇವೆಂದು ತಿಳಿಯುತ್ತಾರೆ. ಅವರ ದೇಹದಲ್ಲಿ ಇಂಗಾಲದ ಡೈಆಕ್ಸೈಡು ಸಂಚಯವಾಗಿ ತಲೆನೋವು, ಗಾಬರಿ, ಬುದ್ಧಿಮಾಂದ್ಯ ತಲೆದೋರುತ್ತವೆ. ಹೀಗಿರಲು ವಿದ್ಯಾರ್ಥಿಯೊಬ್ಬನಿಗೆ 'ಗುಳ್ಳೆ ಬಾರದ ರೆಗ್ಯುಲೇಟರನ್ನು ಕೊಳ್ಳು' ಎಂದು ಬೋಧಿಸುವುದು, ಗುಳ್ಳೆಯ ಅಂಜಿಕೆಯನ್ನು ಅವನ ತಲೆಯಲ್ಲಿ ಬಿತ್ತಿದಂತೆಯೇ ಸರಿ.

ಹಾಗಾದರೆ ಕೊಳ್ಳುವಾಗ ನೋಡಬೇಕಾದುದೇನು? ಮೊದಲನೆಯದಾಗಿ, ಉಸಿರಾಟದ ಶ್ರಮ. ಇದು ಬರಿಯ ಅನಿಸಿಕೆಯಲ್ಲ, ಅಳೆಯಬಹುದಾದ ರಾಶಿ. ಯೂರೋಪಿನ 'ಇಎನ್ 250' ಎಂಬ ಮಾನಕದ ಪ್ರಕಾರ ರೆಗ್ಯುಲೇಟರನ್ನು 50 ಮೀಟರ್ ಆಳದ ಒತ್ತಡದಲ್ಲಿಟ್ಟು, ನಿಮಿಷಕ್ಕೆ 62.5 ಲೀಟರಿನಂತೆ ಯಂತ್ರದಿಂದ ಉಸಿರಾಡಿಸುತ್ತಾರೆ. ಪ್ರತಿ ಲೀಟರಿಗೆ ವ್ಯಯವಾಗುವ ಕೆಲಸ 3 ಜೂಲ್‌ಗಳನ್ನು ಮೀರಕೂಡದು. ಮುನ್ನೂರು ಗ್ರಾಂ ತೂಕವನ್ನು ಒಂದು ಮೀಟರ್ ಎತ್ತಲು ಬೇಕಾಗುವಷ್ಟು ಕೆಲಸ ಅದು. ಒಳ್ಳೆಯವು ಈ ಮಿತಿಗಿಂತ ಸಾಕಷ್ಟು ಕೆಳಗೆ ನಿಲ್ಲುತ್ತವೆ. ಆಳದಲ್ಲಿ ಈ ಅಂತರ ಬೆಲೆಯುಳ್ಳದ್ದು, ಏಕೆಂದರೆ 30 ಮೀಟರಿನಲ್ಲಿ ಗಾಳಿ ನಾಲ್ಕು ಪಟ್ಟು ಸಾಂದ್ರವಾಗಿ ಕೊಳವೆಗಳಲ್ಲಿ ಮಂದವಾಗಿ ಹರಿಯುತ್ತದೆ. ಅಂಗಡಿಯ ಮೇಜಿನ ಮೇಲೆ ಬಾಯಿಗಿಟ್ಟು ಎರಡು ಬಾರಿ ಹೀರಿ 'ಹಗುರವಾಗಿದೆ' ಎನ್ನುವುದರಿಂದ ಇದು ಗೊತ್ತಾಗುವುದಿಲ್ಲ.

ಮೊದಲನೆಯ ಹಂತವು 'ಸಮತೋಲಿತ' ಮಾದರಿಯದಾಗಿರಲಿ. ಅಸಮತೋಲಿತ ಮಾದರಿಯಲ್ಲಿ ಸಿಲಿಂಡರಿನ ಒತ್ತಡ ಇಳಿದಂತೆಲ್ಲ ಉಸಿರು ಬಿಗಿಯಾಗುತ್ತ ಹೋಗುತ್ತದೆ. ಸಮತೋಲಿತದಲ್ಲಿ ಮೊದಲ ಉಸಿರಿಗೂ ಕೊನೆಯ ಉಸಿರಿಗೂ ಹೆಚ್ಚಿನ ಭೇದವಿಲ್ಲ. ಲೆಕ್ಕ ಹಾಕಿ ನೋಡಿ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ತುಂಬಿದರೆ ಮೇಲ್ಮೈಯ ಅಳತೆಯಲ್ಲಿ 2400 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಬೇಕಾದವನಿಗೆ 20 ಮೀಟರ್ ಆಳದಲ್ಲಿ, ಅಲ್ಲಿಯ ಒತ್ತಡ ಮೂರು ಪಟ್ಟಾದುದರಿಂದ, 60 ಲೀಟರ್ ಬೇಕು. ಆಪತ್ತಿಗೆಂದು 50 ಬಾರ್ ಮೀಸಲಿಟ್ಟರೆ ಉಳಿದುದು ಸರಿಯಾಗಿ ಅರ್ಧ ಗಂಟೆಯ ಕೆಲಸಕ್ಕೆ. ಒಂದು ಮೀನಿಗಾಗಿ ಹತ್ತು ನಿಮಿಷ ಕಾಯುವ ಛಾಯಾಗ್ರಾಹಕನು ಇತರರಿಗಿಂತ ಹೆಚ್ಚಾಗಿ ಆ ಕೊನೆಯ ಪಾಲಿನವರೆಗೆ ಉಸಿರಾಡುವವನು.

ಇವೆರಡು ಸರಿಯಾದಮೇಲೆ ಗುಳ್ಳೆಯ ವಿಚಾರವನ್ನು ಅವಶ್ಯವಾಗಿ ಮಾಡಬಹುದು. ಬಾಯಿಯ ಡಬ್ಬಿಯ ಅಡಿಯಲ್ಲಿ ನಿಶ್ವಾಸವನ್ನು ಎಡಬಲಕ್ಕೆ ಹಂಚುವ ರಬ್ಬರಿನ ರೆಕ್ಕೆಗಳಿರುತ್ತವೆ. ಅವು ಅಗಲವಾಗಿದ್ದಷ್ಟೂ ಗುಳ್ಳೆಗಳು ಮುಖವಾಡದ ಗಾಜಿನಿಂದ ದೂರ ಸರಿಯುತ್ತವೆ. ಪ್ರಯಾಣಕ್ಕೆ ಹಗುರವೆಂದು ಮಾರುವ ಪುಟ್ಟ ಡಬ್ಬಿಗಳಲ್ಲಿ ಈ ರೆಕ್ಕೆಗಳು ಮೊಟಕಾಗಿದ್ದು ಗುಳ್ಳೆಗಳು ಕಣ್ಣೆದುರಿಗೇ ಏಳುತ್ತವೆ. ಭಾರದ ಡಬ್ಬಿಯಾದರೋ ಗಂಟೆಗಟ್ಟಲೆ ಕಚ್ಚಿಕೊಂಡ ದವಡೆಯನ್ನು ನೋಯಿಸುತ್ತದೆ. ನಡುಗಾತ್ರದ್ದೇ ಮೇಲೆಂದು ನನ್ನ ಎಣಿಕೆ. ಸ್ವೀಡನ್ನಿನ ಪೊಸೈಡನ್ ಸಂಸ್ಥೆಯವರ ಮಾದರಿಗಳಲ್ಲಿ ನಿಶ್ವಾಸದ ಕವಾಟ ಪಕ್ಕಕ್ಕಿದ್ದು ಗುಳ್ಳೆಗಳು ಒಂದೇ ಮಗ್ಗುಲಿಂದ ಹೋಗುತ್ತವೆ. ಜೋಡಿಕೊಳವೆಯನ್ನು ಬಯಸುವವರು ಅದಕ್ಕೆ ಮೊದಲು ಇದನ್ನು ಪರೀಕ್ಷಿಸಿ ನೋಡುವುದು ಲೇಸು. ಅಂಗಾತ ಮಲಗಿ ಮೇಲ್ಮುಖವಾಗಿ ಚಿತ್ರ ತೆಗೆಯುವ ಭಂಗಿಯಲ್ಲಿ ಮಾತ್ರ ಯಾವ ಮಾದರಿಯೂ ನೆರವಾಗದು. ಗಲ್ಲದಿಂದ ಹೊರಟರೂ ಬೆನ್ನಿನಿಂದ ಹೊರಟರೂ ಗುಳ್ಳೆಗಳು ಕ್ಯಾಮರಾದತ್ತಲೇ ಏರಿಬರುತ್ತವೆ. ಅಲ್ಲಿ ಉಸಿರಿನ ಲಯವೇ ಗತಿ.

ಪ್ರವಾಹಕ್ಕೆದುರಾಗಿ ಮುಖಮಾಡಿದಾಗ ನೀರಿನ ರಭಸವೇ ಪೊರೆಯನ್ನೊತ್ತಿ ಗಾಳಿ ಪೋಲಾಗುವುದುಂಟು. ಎರಡು ಕೈಗಳೂ ಕ್ಯಾಮರಾಕ್ಕೆ ಮುಡಿಪಾದವನಿಗೆ ಇದು ದೊಡ್ಡ ಪೀಡೆ. ಕವಾಟದ ಬಿಗಿತವನ್ನು ಹೆಚ್ಚುಕಡಿಮೆ ಮಾಡುವ ತಿರುಪು ಇರುವ ಡಬ್ಬಿಯನ್ನಾರಿಸಿದರೆ ಇದಕ್ಕೆ ತಕ್ಕ ಉಪಾಯ ಕೈಯಲ್ಲಿರುತ್ತದೆ. ಕೊಳವೆ ತುಸು ಉದ್ದವಾಗಿರಲಿ. ತಲೆ ಹೊರಳಿಸಿದಾಗಲೆಲ್ಲ ಗಿಡ್ಡ ಕೊಳವೆ ಬಾಯಿಂದ ಡಬ್ಬಿಯನ್ನು ಕಿತ್ತುಕೊಳ್ಳಲು ನೋಡುತ್ತದೆ. ಕೊರೆಯುವ ನೀರಿಗೆಂದು, ಎಂದರೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ನೀರಿಗೆಂದು ಮಾಡಿದ ವಿಶೇಷ ರಕ್ಷಣೆಗೆ ನಮ್ಮ ಕಡಲಿನಲ್ಲಿ ಹಣ ಸುರಿಯಬೇಕಾಗಿಲ್ಲ.

ಗುಳ್ಳೆಯೇ ಇಲ್ಲದ ಉಪಕರಣವಿಲ್ಲವೆ ಎಂದು ಕೇಳುವವರಿದ್ದಾರೆ. ಇದೆ. ಬಿಟ್ಟ ಉಸಿರಿನಿಂದ ಇಂಗಾಲದ ಡೈಆಕ್ಸೈಡನ್ನು ಸುಣ್ಣದಿಂದ ಹೀರಿಸಿ, ಆಮ್ಲಜನಕ ಸೇರಿಸಿ ಮತ್ತೆ ಬಾಯಿಗೆ ಕೊಡುವ ಮರು-ಉಸಿರಾಟದ ಯಂತ್ರವದು. ಆಸ್ಟ್ರಿಯದ ಹಾನ್ಸ್ ಹಾಸ್ ಅವರು 1942ರಲ್ಲಿ ಗ್ರೀಸಿನ ಕಡಲಿನಲ್ಲಿ ಇಂಥದನ್ನೇ ಧರಿಸಿ ಚಲಚ್ಚಿತ್ರ ತೆಗೆದರು. ಅವರು ಬಳಸಿದ್ದು ಶುದ್ಧ ಆಮ್ಲಜನಕ. ಸುಮಾರು 6 ಮೀಟರಿಗಿಂತ ಆಳದಲ್ಲಿ ಅದು ನರಮಂಡಲಕ್ಕೆ ವಿಷವೆಂದು ಇಂದು ಪರಿಗಣಿಸುತ್ತಾರೆ. ಇಂದಿನ ಯಂತ್ರಗಳು ಅನಿಲದ ಮಿಶ್ರಣವನ್ನು ವಿದ್ಯುನ್ಮಾನದಿಂದ ಅಳೆದು ನಡೆಸುತ್ತವೆ, ಹೆಚ್ಚು ಆಳಕ್ಕೂ ಹೋಗುತ್ತವೆ. ನುರಿತ ವೃತ್ತಿಗಾರರು ಅವುಗಳಿಂದ ಅಪೂರ್ವವಾದ ಚಿತ್ರಗಳನ್ನು ತಂದಿರುವುದು ನಿಜ. ಆದರೆ ಅಲ್ಲಿ ದೋಷ ಸಂಭವಿಸಿದಾಗ ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪುವ ಸಂಭವವಿದೆ. ಪ್ರತ್ಯೇಕ ಶಿಕ್ಷಣವಿಲ್ಲದೆ ಅದನ್ನು ಮುಟ್ಟಲಾಗದು. ವಿದ್ಯಾರ್ಥಿಯ ಕೈಚೀಲಕ್ಕಂತೂ ಅದು ನಿಲುಕದು.

ನಮ್ಮ ನಾಡಿನ ತರುಣರು ಇಂದು ಮುರುಡೇಶ್ವರದಿಂದ ದೋಣಿಯೇರಿ ನೇತ್ರಾಣಿ ದ್ವೀಪದ ಬಳಿ ಮುಳುಗುತ್ತಿದ್ದಾರೆ. ಮಳೆಗಾಲ ಕಳೆದು ಕಡಲು ತಿಳಿಯಾದಾಗ ಅಲ್ಲಿಯ ಬಂಡೆಗಳ ಸುತ್ತ ಮೀನಿನ ಸಂಪತ್ತು ಕಣ್ಣು ತಣಿಸುವಂಥದು. ಸಾಮಾನ್ಯವಾಗಿ ಅವರಿಗೆ ದೊರೆಯುವುದು ಬಾಡಿಗೆಯ ಉಪಕರಣ. ಅದರಲ್ಲಿ ಹತ್ತಿಪ್ಪತ್ತು ಬಾರಿ ಮುಳುಗಿ, ಕ್ಯಾಮರಾವಿಲ್ಲದೆ ನೀರಿನಲ್ಲಿ ನಿಶ್ಚಲವಾಗಿ ತೂಗಾಡುವುದನ್ನು ಕಲಿತಮೇಲೆಯೇ ಸ್ವಂತ ರೆಗ್ಯುಲೇಟರನ್ನು ಕೊಳ್ಳುವುದು ವಿಹಿತ. ಕೊಳ್ಳುವ ಮೊದಲು ಈಜುಕೊಳದಲ್ಲಿ ಶಿಕ್ಷಕರ ಸಮ್ಮುಖದಲ್ಲಿ ಅದನ್ನು ಪರೀಕ್ಷಿಸಲು ಅವಕಾಶ ಕೇಳಿರಿ. ನೆಟ್ಟಗೆ, ಬೋರಲು, ಅಂಗಾತ, ತಲೆಕೆಳಗು ಎಂದು ನಾಲ್ಕು ಭಂಗಿಗಳಲ್ಲಿಯೂ ಐದೈದು ನಿಮಿಷ ಉಸಿರಾಡಿರಿ. ಯಾವುದರಲ್ಲಿ ಬಾಯಿಗೆ ನೀರು ಜಿನುಗಿತು, ಯಾವುದರಲ್ಲಿ ಗಾಳಿ ತಾನಾಗಿ ಹರಿಯಿತು, ದವಡೆ ಯಾವಾಗ ನೊಂದಿತು ಎಂಬುದನ್ನು ಮೇಲೆ ಬಂದೊಡನೆ ಬರೆದಿಟ್ಟುಕೊಳ್ಳಿರಿ. ಕೊಂಡಮೇಲೆ ಪ್ರತಿ ಸಲವೂ, ಮೊದಲನೆಯ ಹಂತದ ಬಾಯಿಗೆ ಮುಚ್ಚಳ ಬಿಗಿದು, ಸಿಹಿನೀರಿನಲ್ಲಿ ನೆನೆಯಿಟ್ಟು ತೊಳೆಯಿರಿ. ಕವಾಟದ ಆಸನಗಳನ್ನೂ ರಬ್ಬರಿನ ಉಂಗುರಗಳನ್ನೂ ತಯಾರಕರು ಹೇಳಿದ ಅವಧಿಗೆ ಬಲ್ಲವರಿಂದ ಬದಲಾಯಿಸಿರಿ. ಅದರ ವೆಚ್ಚವನ್ನು ಕ್ಯಾಮರಾದ ಬೆಲೆಯೊಡನೆಯೇ ಮೊದಲು ಲೆಕ್ಕಕ್ಕೆ ಹಿಡಿಯಿರಿ.